ಸ್ಥಳೀಯ ಸಂಸ್ಥೆಗಳೂ ಮಕ್ಕಳ ಯೋಗಕ್ಷೇಮವೂ

ಚನ್ನಗಿರಿಯ ಹೆಸರನ್ನು ಕೇಳಿದೊಡನೆ ನಮ್ಮ ಶ್ರೋತೃಗಳಲ್ಲಿ ಬಹುಮಂದಿಗೆ ನೆನಪಾಗುವುದು ಸೂಳೆಕೆರೆ, ಇಲ್ಲವೆ ಅಡಿಕೆಯ ತೋಟಗಳು. ಇತಿಹಾಸದಲ್ಲಿ ಅಭಿರುಚಿಯುಳ್ಳವರು ಊರಿಗೆ ತನ್ನ ಹೆಸರನ್ನು ಬಿಟ್ಟುಹೋದ ಕೆಳದಿಯ ರಾಣಿ ಚೆನ್ನಮ್ಮಾಜಿಯನ್ನು ನೆನೆಯುವರು. ಶಿಲ್ಪದಲ್ಲಿ ಆಸಕ್ತರಾದವರು ಸಂತೆಬೆನ್ನೂರಿನ ಪುಷ್ಕರಿಣಿಯನ್ನು ನೆನೆಯುವರು. ಇಂದು ನಾವು ಎತ್ತಿಕೊಂಡಿರುವ ವಿಷಯ ಇವಾವುದೂ ಅಲ್ಲ. ಚನ್ನಗಿರಿಯಲ್ಲಿಯೂ ಅದರ ನೆರೆಯ ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿಯೂ ಕಳೆದ ನೂರೈವತ್ತು ವರ್ಷಗಳಲ್ಲಿ ಮಕ್ಕಳ ಹೊಣೆಯನ್ನು ಹೊತ್ತವರು ಯಾರು, ಊರೆ, ಸರ್ಕಾರವೆ ಎಂಬುದೇ ನಮ್ಮ ಪ್ರಶ್ನೆ. ಶಾಸನಗಳಲ್ಲಿ ಮಕ್ಕಳ ಸುದ್ದಿ ಅಪರೂಪ. ಯುದ್ಧದ ವರ್ಣನೆಗಳಲ್ಲಂತೂ ಇಲ್ಲವೇ ಇಲ್ಲ. ಆದರೂ ಒಂದು ನಾಡು ತನ್ನ ಮಕ್ಕಳಲ್ಲಿ ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡಿತು, ಯಾರನ್ನು ಬಿಟ್ಟಿತು ಎಂಬುದು ಆ ನಾಡಿನ ಇತಿಹಾಸದ ಒಂದು ಮುಖ್ಯವಾದ ಅಧ್ಯಾಯವೆಂದು ನಾವು ತಿಳಿಯುತ್ತೇವೆ.

ಕೆರೆಯಿಂದಲೇ ಪ್ರಾರಂಭಿಸೋಣ. ಶಾಂತಿಸಾಗರವೆಂದು ಈಗ ಕರೆಯಲ್ಪಡುವ ಸೂಳೆಕೆರೆಯ ಸುತ್ತಳತೆ ಸುಮಾರು 40 ಮೈಲಿಗಳೆಂದು ರೈಸ್ ಸಾಹೇಬರು ತಮ್ಮ ಗ್ಯಾಸೆಟಿಯರಿನಲ್ಲಿ ಬರೆದಿರುತ್ತಾರೆ. ಇಂಥ ಕೆರೆಗಳಿದ್ದ ನಾಡಿನಲ್ಲಿ ಸಾಮುದಾಯಿಕ ಹೊಣೆಯೆಂಬುದು ಹೊಸದಾಗಿ ಕಲಿಯಬೇಕಾದ ಪಾಠವಲ್ಲ. ಕೆರೆಯನ್ನು ಕಟ್ಟಿಸಿದವನಿಗೋ ನೋಡಿಕೊಳ್ಳುವವನಿಗೋ ಕಟ್ಟುಗೊಡಗೆಯ ಭೂಮಿ, ನೀರನ್ನು ಹಂಚುವ ನೀರುಗಂಟಿಗೆ ಸುಗ್ಗಿಯಲ್ಲಿ ಧಾನ್ಯ, ಹೂಳೆತ್ತುವ ಕಾಲದಲ್ಲಿ ಮನೆಗೊಂದಾಳು: ಹೀಗೆ ಊರಿನ ನೀರಿಗೆ ಊರೇ ವ್ಯವಸ್ಥೆ ಮಾಡಿಕೊಂಡಿತ್ತು. ಮಕ್ಕಳಿಗಾಗಿಯೂ ಇಂಥ ಏರ್ಪಾಡೇನಾದರೂ ಇದ್ದಿತೆ ಎಂದು ಕೇಳಿದರೆ, ಇದ್ದಿತೆಂದೇ ಹೇಳಬೇಕು. ಅದರ ಹೆಸರು ಕೂಲಿಮಠ.

ಕೂಲಿಮಠದ ಐಗಳು ಸರ್ಕಾರದ ನೌಕರನಲ್ಲ. ದೇವಸ್ಥಾನದ ಕೈಸಾಲೆಯಲ್ಲಿಯೋ ಊರಿನ ದೊಡ್ಡವರ ಮನೆಯ ಜಗುಲಿಯ ಮೇಲೆಯೋ ಹುಡುಗರನ್ನು ಕೂಡಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುವನು. ಮುಂದೆ ಇದ್ದಲು ಮಸಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯಿಸುವನು. ಮಗ್ಗಿ, ಲೆಕ್ಕ, ಪತ್ರ ಬರೆಯುವ ರೀತಿಗಳನ್ನು ಬಾಯಿಪಾಠ ಮಾಡಿಸುವನು. ಇದಕ್ಕೆ ಪ್ರತಿಯಾಗಿ ಮನೆಮನೆಯಿಂದ ಧಾನ್ಯ, ಕೆಲವು ಕಾಸು. ಮಹಾನವಮಿಯಲ್ಲಿ ಹುಡುಗರು ಐಗಳೊಡನೆ ಮನೆಮನೆಗೆ ಹೋಗಿ ಚೌಪದಿಗಳನ್ನು ಹಾಡುವರು. ಕೇಳಿದವರು ಐಗಳಿಗೆ ಕಾಣಿಕೆಯನ್ನೂ ಹುಡುಗರಿಗೆ ತಿನಿಸನ್ನೂ ಕೊಡುವರು. ಒಂದು ಬಗೆಯಲ್ಲಿ ಅದು ಊರಿನ ವಾರ್ಷಿಕ ಪರೀಕ್ಷೆ. ಯಾವ ಹುಡುಗ ಏನು ಕಲಿತನೆಂಬುದನ್ನು ಊರೆಲ್ಲ ಕಿವಿಯಾರೆ ಕೇಳುತ್ತಿದ್ದಿತು. ಯಾವ ಹುಡುಗ ಮಠಕ್ಕೆ ಚಕ್ಕರ್ ಹೊಡೆದನೆಂಬುದೂ ಐಗಳಿಗೆ ಹೊತ್ತೇರುವುದರೊಳಗೆ ತಿಳಿದುಹೋಗುತ್ತಿದ್ದಿತು. ನಾಲ್ಕು ಮಂದಿ ಸಹಪಾಠಿಗಳು ಹೋಗಿ ಅವನನ್ನು ಹೊತ್ತುಕೊಂಡೇ ಬರುವರು.

ಈ ಚಿತ್ರವನ್ನು ನೋಡಿ ಹಿಂದಿನ ಕಾಲವೇ ಚೆನ್ನಾಗಿದ್ದಿತೆಂದು ಹೇಳಿಬಿಡುವುದು ಸುಲಭ. ಆದರೆ ಚರಿತ್ರಕಾರನು ಆ ಜಗುಲಿಯ ಮೇಲೆ ಯಾರು ಕುಳಿತಿದ್ದರೆಂಬುದನ್ನು ಮಾತ್ರವೇ ಅಲ್ಲದೆ ಯಾರು ಕುಳಿತಿರಲಿಲ್ಲವೆಂಬುದನ್ನೂ ನೋಡಬೇಕಾಗುತ್ತದೆ. ಹೆಣ್ಣುಮಕ್ಕಳು ಅಲ್ಲಿ ಕಾಣುತ್ತಿದ್ದುದು ಅತಿ ವಿರಳ. ಊರ ಹೊರಗಿನ ಕೇರಿಯ ಮಕ್ಕಳು ಆ ಜಗುಲಿಯನ್ನು ಹತ್ತುವಂತೆಯೇ ಇರಲಿಲ್ಲ. ದನ ಕಾಯುವ, ಕಳೆ ಕೀಳುವ ಬಡವರ ಮಕ್ಕಳನ್ನು ಐಗಳು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಊರು ತನ್ನ ಮಕ್ಕಳನ್ನು ಚೆನ್ನಾಗಿಯೇ ಬಲ್ಲದು, ನಿಜ. ಆದರೆ ‘ತನ್ನ ಮಕ್ಕಳು’ ಎಂಬ ಮಾತಿನ ಅರ್ಥ ಬಹಳ ಚಿಕ್ಕದಾಗಿದ್ದಿತು. ಈ ಎರಡು ಸಂಗತಿಗಳನ್ನೂ ಶ್ರೋತೃಗಳು ಜೊತೆಯಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ. ಮುಂದಿನ ಕಥೆಯೆಲ್ಲ ಇವುಗಳ ನಡುವಣ ತೂಗಾಟವೇ ಆಗಿದೆ.

ಕಮಿಷನರುಗಳ ಆಡಳಿತದ ಕಾಲದಲ್ಲಿ, 1868ರಲ್ಲಿ, ವಿದ್ಯಾಭ್ಯಾಸ ಇಲಾಖೆಯಲ್ಲಿದ್ದ ಬಿ. ಎಲ್. ರೈಸ್ ಅವರು ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟರು. ಹೋಬಳಿಗೊಂದು ಶಾಲೆ, ಶಾಲೆಯ ಮನೆಯನ್ನು ಊರವರು ಒದಗಿಸುವುದು, ಸಾಧ್ಯವಾದಷ್ಟೂ ಹಳೆಯ ಮಠಗಳ ಐಗಳನ್ನೇ ಕರೆದು ತರಪೇತು ಕೊಟ್ಟು ಉಪಾಧ್ಯಾಯರನ್ನಾಗಿ ಮಾಡುವುದು. ಇದ್ದ ಬೇರನ್ನು ಕೀಳದೆ ಅದಕ್ಕೇ ಕಸಿ ಕಟ್ಟುವ ಬುದ್ಧಿ ಇದರಲ್ಲಿ ಕಾಣುತ್ತದೆ. ವೆಚ್ಚಕ್ಕಾಗಿ ಏರ್ಪಟ್ಟ ಸ್ಥಳೀಯ ತೆರಿಗೆಯ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ರೈತನಿಂದ ತೆರಿಗೆ. ಅದರಲ್ಲಿ ನೂರಕ್ಕೆ 24 ಪಾಲು ಗ್ರಾಮವಿದ್ಯಾಭ್ಯಾಸಕ್ಕೆ. ಅಂದರೆ ಊರಿನವರು 100 ರೂಪಾಯಿ ಕಂದಾಯ ಕಟ್ಟಿದರೆ ಅದರೊಡನೆ ಆರೂಕಾಲು ರೂಪಾಯಿ ತೆರಿಗೆ. ಅದರಲ್ಲಿ ಒಂದೂವರೆ ರೂಪಾಯಿ ಶಾಲೆಯ ಪಾಲು. ಈ ಒಂದೂವರೆ ರೂಪಾಯಿ ಊರಿನಿಂದ ಖಜಾನೆಗೆ ಹೋಗಿ, ಅಲ್ಲಿಂದ ಇಲಾಖೆಗೆ ಹೋಗಿ, ಮತ್ತೆ ಸಂಬಳದ ರೂಪದಲ್ಲಿ ಊರಿಗೆ ಬರುತ್ತಿದ್ದಿತು. ಐಗಳಿಗೆ ಊರು ಧಾನ್ಯ ಕೊಡುತ್ತಿದ್ದಾಗ ಐಗಳು ಊರಿಗೆ ಉತ್ತರ ಹೇಳಬೇಕಾಗಿತ್ತು. ಈಗ ಕೊಡುವವನು ರೈತನೇ ಆದರೂ ಉಪಾಧ್ಯಾಯನು ಉತ್ತರ ಹೇಳಬೇಕಾದುದು ಇನ್‌ಸ್ಪೆಕ್ಟರಿಗೆ. ಹಣದ ಈ ಸುತ್ತುದಾರಿಯೊಡನೆ ಅಧಿಕಾರವೂ ಊರನ್ನು ಬಿಟ್ಟುಹೋಯಿತು.

ಮೈಸೂರು ಸಂಸ್ಥಾನದಲ್ಲಿ 1902ರ ಲೋಕಲ್ ಬೋರ್ಡುಗಳ ರೆಗ್ಯುಲೇಷನ್ನಿನಿಂದ ಜಿಲ್ಲಾ ಬೋರ್ಡುಗಳೂ ತಾಲ್ಲೂಕು ಬೋರ್ಡುಗಳೂ ಕ್ರಮಬದ್ಧವಾಗಿ ಹುಟ್ಟಿದುವು. ಚನ್ನಗಿರಿ, ಹೊನ್ನಾಳಿಗಳು ಆಗ ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುವು. ಈ ಬೋರ್ಡುಗಳ ಮುಖ್ಯ ಚಿಂತೆ ರಸ್ತೆ, ಸೇತುವೆ, ಬಾವಿ, ಛತ್ರ, ಔಷಧಶಾಲೆ. ಅಧ್ಯಕ್ಷಪೀಠದಲ್ಲಿ ಕುಳಿತವರು ಸರ್ಕಾರದ ಅಧಿಕಾರಿಗಳು. ಮಕ್ಕಳ ಮಾತು ಅಲ್ಲಿಗೆ ಬಂದುದು ಬೇರೆ ದಾರಿಯಿಂದ.

ಇಡೀ ಹಿಂದೂದೇಶದಲ್ಲಿ ಆ ಕಾಲದಲ್ಲಿ ಕಡ್ಡಾಯ ವಿದ್ಯಾಭ್ಯಾಸದ ಚರ್ಚೆ ನಡೆಯುತ್ತಿದ್ದಿತು. ಬರೋಡದ ಮಹಾರಾಜರು 1893ರಲ್ಲಿ ಅಮ್ರೇಲಿ ಪ್ರಾಂತದಲ್ಲಿ ಪರೀಕ್ಷಾರ್ಥವಾಗಿ ಪ್ರಾರಂಭಿಸಿದ ಪದ್ಧತಿಯನ್ನು 1906ರಲ್ಲಿ ತಮ್ಮ ಸಂಸ್ಥಾನಕ್ಕೆಲ್ಲ ವಿಸ್ತರಿಸಿದರು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ತಂದ ಮಸೂದೆಯು ಪುರಸಭೆಗಳಿಗೂ ಜಿಲ್ಲಾ ಬೋರ್ಡುಗಳಿಗೂ ತಮ್ಮ ಎಲ್ಲೆಯೊಳಗೆ ಕಡ್ಡಾಯವನ್ನು ತರುವ ಅಧಿಕಾರವನ್ನು ಕೊಡಬೇಕೆಂದು ಕೇಳಿತು. ಮರುವರ್ಷ ಅದು ಬಿದ್ದುಹೋಯಿತು. ಅಲ್ಲಿ ಬಿದ್ದುದನ್ನು ಮೈಸೂರು ಎತ್ತಿಕೊಂಡಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನು ಬಂದು, ಆಯ್ದ ಕೇಂದ್ರಗಳಲ್ಲಿ ಹುಡುಗರಿಗೆ ಶಾಲೆ ಕಡ್ಡಾಯವಾಯಿತು. 1914ರ ಗ್ರಾಮಾಭಿವೃದ್ಧಿ ಯೋಜನೆಯಲ್ಲಿ ಊರೂರಿಗೆ ಸಮಿತಿಗಳೇರ್ಪಟ್ಟು, ವಾರಕ್ಕೆ ಅರ್ಧ ದಿನ ಊರಿನ ಕೆಲಸಕ್ಕೆ ಮೈಗೂಲಿ ಕೊಡಬೇಕೆಂದು ಗ್ರಾಮಸ್ಥರಲ್ಲಿ ಕೇಳಲಾಯಿತು. ಇದೇ ದಶಕದಲ್ಲಿ, ಸರ್ಕಾರದ ಶಾಲೆಗಳಲ್ಲಿ ಯಾವ ಜಾತಿಯ ಮಗುವಿಗೂ ಪ್ರವೇಶವನ್ನು ನಿರಾಕರಿಸಕೂಡದೆಂಬ ಆಜ್ಞೆಯೂ ಹೊರಟಿತು. ಅದನ್ನು ವಿರೋಧಿಸಿ ಮಕ್ಕಳನ್ನು ಬಿಡಿಸಿಕೊಂಡು ಹೋದ ಪೋಷಕರೂ ಇದ್ದರು. ಊರಿನ ಜಗುಲಿ ತಾನಾಗಿ ತೆರೆಯದಿದ್ದ ಬಾಗಿಲನ್ನು ಮೇಲಿನ ಆಜ್ಞೆ ತೆರೆಯಿತೆಂಬುದನ್ನು ನಾವು ಮರೆಯಬಾರದು.

ಈಗ ನಮ್ಮ ಕಥೆಯ ಮಧ್ಯಭಾಗಕ್ಕೆ ಬರುತ್ತೇವೆ. 1926ರ ರೆಗ್ಯುಲೇಷನ್ನುಗಳು ತಾಲ್ಲೂಕು ಬೋರ್ಡುಗಳನ್ನು ತೆಗೆದುಹಾಕಿ, ಮೇಲೆ ಜಿಲ್ಲಾ ಬೋರ್ಡು, ಕೆಳಗೆ ಗ್ರಾಮ ಪಂಚಾಯತಿ ಎಂಬ ಎರಡು ಅಂತಸ್ತುಗಳನ್ನು ಉಳಿಸಿದುವು. ಇದರ ಹಿಂದೆಯೇ 1930ರಲ್ಲಿ ಹೊಸ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನು ಬಂದಿತು. ಪ್ರಾಥಮಿಕ ಶಾಲೆಗಳ ಆಡಳಿತವನ್ನು ಇಲಾಖೆಯ ಕೈಯಿಂದ ತೆಗೆದು ಸ್ಥಳೀಯ ವಿದ್ಯಾಧಿಕಾರ ಸಂಸ್ಥೆಗಳಿಗೆ ಒಪ್ಪಿಸಬೇಕೆಂಬುದು ಅದರ ಉದ್ದೇಶ. ಅರುವತ್ತು ವರ್ಷಗಳ ಕೆಳಗೆ ಊರನ್ನು ಬಿಟ್ಟುಹೋದ ಅಧಿಕಾರವು ಊರಿಗಲ್ಲದಿದ್ದರೂ ಜಿಲ್ಲೆಯ ಜನಪ್ರತಿನಿಧಿಗಳವರೆಗಾದರೂ ಹಿಂದಿರುಗಿತು. ಆದರೆ ಬಂದ ಮುಹೂರ್ತ ಒಳ್ಳೆಯದಾಗಿರಲಿಲ್ಲ. ಲೋಕಕ್ಕೆಲ್ಲ ಆರ್ಥಿಕ ಮುಗ್ಗಟ್ಟು ಬಡಿದು, ದವಸಧಾನ್ಯಗಳ ಬೆಲೆ ಕುಸಿದು, ರೈತನು ಕಂದಾಯಕ್ಕೇ ಪರದಾಡುತ್ತಿದ್ದ ಕಾಲವದು. ಹೊಣೆಯನ್ನು ಹೊತ್ತ ಸಂಸ್ಥೆಗಳಿಗೆ ಹೊರುವ ಬಲ ಸಾಲದೆ ಹೋಯಿತು. ವ್ಯವಸ್ಥೆ ತೃಪ್ತಿಕರವಾಗಿ ನಡೆಯಲಿಲ್ಲವೆಂದು 1941ರ ಕಾಯಿದೆಯಿಂದ ಸರ್ಕಾರವು ಪ್ರಾಥಮಿಕ ಶಾಲೆಗಳನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿತು.

ಹತ್ತು ವರ್ಷಗಳ ಈ ಪ್ರಯೋಗದಿಂದ ಯಾವ ಪಾಠವನ್ನು ಕಲಿಯಬೇಕು? ಸ್ಥಳೀಯ ಸಂಸ್ಥೆಗಳು ಮಕ್ಕಳ ಕೆಲಸಕ್ಕೆ ಅನರ್ಹವೆಂದು ಆ ಕಾಲದ ಹಲವರು ತೀರ್ಮಾನಿಸಿದರು. ನಮಗೆ ಹಾಗೆ ತೋರುವುದಿಲ್ಲ. ಇದೇ ಕೆಲಸವನ್ನು ಬೇರೆ ದೇಶದ ಒಂದು ಪುರಸಭೆ ಹೇಗೆ ನಿರ್ವಹಿಸಿತೆಂಬುದನ್ನು ಹೋಲಿಸಿ ನೋಡಬಹುದು. ಇಂಗ್ಲೆಂಡಿನ ಉಣ್ಣೆಯ ಗಿರಣಿಗಳ ಊರಾದ ಬ್ರಾಡ್‌ಫರ್ಡಿನಲ್ಲಿ ಹಸಿದ ಹೊಟ್ಟೆಯಲ್ಲಿ ಶಾಲೆಗೆ ಬರುವ ಮಕ್ಕಳ ಪ್ರಶ್ನೆಯನ್ನು ಎತ್ತಿದವರು ಊರಿನ ಸಭೆಯ ಸದಸ್ಯರೇ. 1906ರಲ್ಲಿ ಪಾರ್ಲಿಮೆಂಟು ಶಾಲೆಯ ಊಟಕ್ಕೆ ಸ್ಥಳೀಯ ತೆರಿಗೆಯ ಹಣವನ್ನು ಉಪಯೋಗಿಸಬಹುದೆಂದು ಕಾಯಿದೆ ಮಾಡಿತು. ಮರುವರ್ಷವೇ ಬ್ರಾಡ್‌ಫರ್ಡ್ ಊಟವನ್ನು ಪ್ರಾರಂಭಿಸಿತು. ಅಲ್ಲಿನ ಶಾಲಾವೈದ್ಯರು ಕೆಲವು ಮಕ್ಕಳನ್ನು ಆಗಾಗ ತೂಗಿ ನೋಡಿದರು. ಊಟವಿದ್ದ ವಾರಗಳಲ್ಲಿ ತೂಕ ಏರಿತು; ರಜೆಯಲ್ಲಿ ಊಟ ನಿಂತೊಡನೆ ಇಳಿಯಿತು. ಮೇಲಿನ ಕಾಯಿದೆಯ ಬೆಂಬಲ, ಕೈಯಲ್ಲಿ ಹಣ, ಹತ್ತಿರದಿಂದ ನೋಡುವ ಕಣ್ಣು, ಈ ಮೂರೂ ಒಂದೆಡೆ ಕೂಡಿದುದರಿಂದ ಕೆಲಸ ನಡೆಯಿತು. ನಮ್ಮಲ್ಲಿ 1930ರಲ್ಲಿ ಕೊಟ್ಟುದು ಕಾಯಿದೆ, ಹಣ ಒದಗಲಿಲ್ಲ. ಊರಿನ ಕಣ್ಣನ್ನಂತೂ ಯಾರೂ ಕರೆಯಲಿಲ್ಲ. ಏಕೆಂದರೆ ಅಧಿಕಾರವು ಜಿಲ್ಲೆಯ ಪಟ್ಟಣದಿಂದ ಕೆಳಕ್ಕೆ ಇಳಿಯಲೇ ಇಲ್ಲ.

ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳನ್ನು ಬೇಗನೆ ದಾಟಿಹೋಗುತ್ತೇವೆ. 1952ರ ಅಕ್ಟೋಬರ್ 2ರಂದು ಪ್ರಾರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯು ಶಿವಮೊಗ್ಗ ಜಿಲ್ಲೆಯಲ್ಲಿಯೇ ಸೊರಬ, ಶಿಕಾರಿಪುರಗಳನ್ನು ಮುಟ್ಟಿತು. 1959ರ ಕಾಯಿದೆಯು ಹೊಸ ಮೈಸೂರು ರಾಜ್ಯಕ್ಕೆಲ್ಲ ಗ್ರಾಮ ಪಂಚಾಯತಿ, ತಾಲ್ಲೂಕು ಅಭಿವೃದ್ಧಿ ಮಂಡಲಿಗಳನ್ನು ಕೊಟ್ಟಿತು. ಶಾಲೆ ಮಾತ್ರ ಇಲಾಖೆಯದಾಗಿಯೇ ಉಳಿಯಿತು. 1975ರ ಅಕ್ಟೋಬರ್ 2ರಂದು ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ. ಆರು ವರ್ಷದೊಳಗಿನ ಮಗುವನ್ನು ಅಲ್ಲಿಯವರೆಗೆ ಯಾವ ಸರ್ಕಾರವೂ ಇಷ್ಟು ನಿಶ್ಚಯವಾಗಿ ತನ್ನ ಲೆಕ್ಕಕ್ಕೆ ಹಿಡಿದಿರಲಿಲ್ಲ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಶಾಲೆಗೆ ಮೊದಲಿನ ಕಲಿಕೆ ಇವೆಲ್ಲವೂ ಅಂಗನವಾಡಿ ಎಂಬ ಒಂದೇ ಕೋಣೆಯಲ್ಲಿ ಬಂದು ಸೇರಿದುವು. ಅದನ್ನು ನಡೆಸುವವಳು ಅದೇ ಊರಿನ ಹೆಂಗಸು. ಆಕೆಗೆ ಪ್ರತಿ ಮನೆಯ ಬಸುರಿಯೂ ಗೊತ್ತು, ಬಾಣಂತಿಯೂ ಗೊತ್ತು. ಊರಿನ ಕಣ್ಣನ್ನು ಸರ್ಕಾರ ಕೆಲಸಕ್ಕೆ ಕರೆದುದು ಇದೇ ಮೊದಲು. ಆದರೆ ಆಕೆಯ ಪುಸ್ತಕಗಳು ಹೋಗುತ್ತಿದ್ದುದು ಇಲಾಖೆಗೆ. ನಿವೇಶನ, ಕಟ್ಟಡ, ನೀರು ಬೇಕಾದಾಗ ಮಾತ್ರ ಪಂಚಾಯತಿಯ ನೆನಪು.

ಕರ್ನಾಟಕದ 1983ರ ಕಾಯಿದೆಯ ಹೆಸರು ಹೇಳದೆ ಈ ಇತಿಹಾಸ ಪೂರ್ಣವಾಗದು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಮಂತ್ರಿಗಳಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ ಬಂದ ಈ ಕಾಯಿದೆಯಂತೆ 1987ರಲ್ಲಿ ಚುನಾವಣೆಗಳು ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಅಧಿಕಾರಕ್ಕೆ ಬಂದುವು. ನೂರಕ್ಕೆ 25 ಸ್ಥಾನಗಳು ಹೆಂಗಸರಿಗೆ ಮೀಸಲಾದುವು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಡಿಸಿ ಜನರಿಂದ ‘ನೀರ್ ಸಾಬ್’ ಎಂಬ ಹೆಸರನ್ನು ಪಡೆದ ಆ ಮಂತ್ರಿಗಳು ಶಾಲೆ, ಆಸ್ಪತ್ರೆಗಳ ನೌಕರರನ್ನೂ ಜಿಲ್ಲಾ ಪರಿಷತ್ತಿನ ಅಧೀನಕ್ಕೆ ತಂದರು. ಆ ಐದು ವರ್ಷಗಳನ್ನು ಪರಿಶೀಲಿಸಿದ ರಿಚರ್ಡ್ ಕ್ರುಕ್, ಜೇಮ್ಸ್ ಮೇನರ್ ಎಂಬ ವಿದ್ವಾಂಸರು ಹಳ್ಳಿಗಳಲ್ಲಿ ಉಪಾಧ್ಯಾಯರೂ ಆರೋಗ್ಯ ನೌಕರರೂ ಕೆಲಸಕ್ಕೆ ಹಾಜರಾಗುವುದು ಉತ್ತಮವಾಯಿತೆಂದು ಬರೆದಿದ್ದಾರೆ. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮೇಷ್ಟರು ಬರಲಿಲ್ಲವೆಂಬ ದೂರನ್ನು ಹೇಳಿಕೊಳ್ಳಲು ರೈತನು ಬೆಂಗಳೂರಿಗೆ ಹೋಗಬೇಕಾಗಿರಲಿಲ್ಲ. ಮಂಡಲದ ಸದಸ್ಯನು ಸಂಜೆ ಅವನ ಬೀದಿಯಲ್ಲಿಯೇ ಸಿಗುತ್ತಿದ್ದನು. ಕೂಲಿಮಠದ ಐಗಳಿಗೆ ಇದ್ದ ಊರಿನ ಭಯವು ನೂರಿಪ್ಪತ್ತು ವರ್ಷಗಳ ತರುವಾಯ ಮರಳಿ ಬಂದಿತೆನ್ನಬಹುದು. ಈ ಸಲ ಊರ ಹೊರಗಿನ ಕೇರಿಯವನಿಗೂ ಆ ಸಭೆಯಲ್ಲಿ ಪೀಠವಿದ್ದಿತು. ದುರ್ದೈವದಿಂದ ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. 1992ರಲ್ಲಿ ಅವಧಿ ಮುಗಿದ ಸಂಸ್ಥೆಗಳಿಗೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದು ಕುಳಿತರು. ಕೊಟ್ಟುದನ್ನು ಹಿಂದಕ್ಕೆ ತೆಗೆದುಕೊಳ್ಳುವ 1941ರ ಅಭ್ಯಾಸ ಇನ್ನೂ ಹೋಗಿರಲಿಲ್ಲ.

ಈ ಅಭ್ಯಾಸಕ್ಕೆ ತಡೆ ಹಾಕಿದುದು 1993ರಲ್ಲಿ ಜಾರಿಗೆ ಬಂದ ರಾಜ್ಯಾಂಗದ 73ನೆಯ ತಿದ್ದುಪಡಿ. ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಲ್ಲಿ ಪ್ರಾಥಮಿಕ ಶಾಲೆ, ಪುಸ್ತಕಾಲಯ, ಆರೋಗ್ಯ, ಸ್ತ್ರೀಯರ ಮತ್ತು ಮಕ್ಕಳ ಅಭಿವೃದ್ಧಿ ಇವು ಸೇರಿದುವು. ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯೂ ಬಂದಿತು. 1997ರಲ್ಲಿ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ. ಹೆಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, ದಾವಣಗೆರೆ ಜಿಲ್ಲೆ ರಚಿತವಾಗಿ ಚನ್ನಗಿರಿ, ಹೊನ್ನಾಳಿ, ಜಗಳೂರುಗಳು ಅದಕ್ಕೆ ಸೇರಿದುವು. ನ್ಯಾಮತಿಯು ಇತ್ತೀಚೆಗೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಡಾಕ್ಟರ್ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಶಾಲೆಗಳಿಗೆ ಪೋಷಕರ ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟುವು. ಅದೇ ವರ್ಷದ ಸುಪ್ರೀಂ ಕೋರ್ಟಿನ ಆಜ್ಞೆಯ ಹಿಂದೆಯೇ ‘ಅಕ್ಷರ ದಾಸೋಹ’ದ ಮಧ್ಯಾಹ್ನದ ಊಟ ಬಂದಿತು, 2013ರಲ್ಲಿ ಅದರೊಡನೆ ಹಾಲೂ ಸೇರಿತು. 2024ರ ಬೇಸಗೆಯಲ್ಲಿ ಬರ ಬಿದ್ದಾಗ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲಿಯೂ ಊಟ ಬಡಿಸಲು ಆಜ್ಞೆಯಾಯಿತು. ಬ್ರಾಡ್‌ಫರ್ಡಿನ ವೈದ್ಯರು ತಕ್ಕಡಿಯಲ್ಲಿ ಕಂಡ ಸತ್ಯ ಜಗಳೂರಿನಂಥ ಬರದ ಸೀಮೆಯ ತಾಯಂದಿರಿಗೆ ತಕ್ಕಡಿಯಿಲ್ಲದೆಯೇ ತಿಳಿದಿರುವುದು.

ಹಾಗಾದರೆ ಇನ್ನೇನು ಉಳಿದಿದೆ ಎಂದು ಪಟ್ಟಣವಾಸಿಗಳಾದ ಶ್ರೋತೃಗಳು ಕೇಳಬಹುದು. ಈ ಸೀಮೆಯ ಬದುಕನ್ನು ಸ್ವಲ್ಪ ನೋಡಿದರೆ ಉತ್ತರ ದೊರೆಯುತ್ತದೆ. ಅಡಿಕೆಯ ಕೊಯ್ಲಿನ ತಿಂಗಳುಗಳಲ್ಲಿ ತಾಯಂದಿರು ರಾತ್ರಿಯವರೆಗೂ ಸುಲಿಯುವ ಕೆಲಸದಲ್ಲಿರುತ್ತಾರೆ. ಮನೆಯ ಚಿಕ್ಕ ಮಗುವನ್ನು ನೋಡಿಕೊಳ್ಳುವ ಪಾಳಿ ದೊಡ್ಡ ಹುಡುಗಿಯದಾಗುತ್ತದೆ. ಹೊನ್ನಾಳಿ, ನ್ಯಾಮತಿಗಳ ತಾಂಡಾಗಳಿಂದ ಕುಟುಂಬಗಳು ಕಾಫಿಯ ಸೀಮೆಗೆ ದುಡಿಯಲು ಹೋಗುತ್ತವೆ. ಮಗುವಿನ ಹೆಸರು ತಾಂಡಾದ ಶಾಲೆಯ ಹಾಜರಿ ಪುಸ್ತಕದಲ್ಲಿದ್ದರೂ ಮಗು ಮಾತ್ರ ಘಟ್ಟದ ತೋಟದಲ್ಲಿರುತ್ತದೆ. ದಾಖಲೆಯಲ್ಲಿ ಇರುವ, ಕಣ್ಣಿಗೆ ಕಾಣದ ಈ ಮಕ್ಕಳನ್ನು ಹುಡುಕಲು ರಾಜಧಾನಿಯ ಯಾವ ಇಲಾಖೆಯಿಂದಲೂ ಆಗದು. ಅದು ಊರಿನ ಪಂಚಾಯತಿಯಿಂದ ಆಗಬೇಕಾದ ಕೆಲಸ. ನೂರು ದಿನದ ಕೂಲಿಯ ಕೆಲಸಕ್ಕೆ ಹೋಗುವ ತಾಯಂದಿರ ಶಿಶುಗಳಿಗಾಗಿ 2023ರಲ್ಲಿ ಘೋಷಿತವಾದ ‘ಕೂಸಿನ ಮನೆ’ಗಳೂ, 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಐದೂವರೆ ಸಾವಿರಕ್ಕೂ ಮಿಕ್ಕ ಗ್ರಾಮ ಪಂಚಾಯತಿ ಪುಸ್ತಕಾಲಯಗಳೂ, ಅಲ್ಲಿ ಮಕ್ಕಳಿಗೆ ದೊರೆಯುವ ಉಚಿತ ಸದಸ್ಯತ್ವವೂ ಈ ದಾರಿಯಲ್ಲಿ ಇಟ್ಟ ಹೆಜ್ಜೆಗಳು.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಅರ್ಥವತ್ತಾಗಿ ತೋರುವುದು ಮಕ್ಕಳ ಗ್ರಾಮಸಭೆ. 1995ರಲ್ಲಿ ಕುಂದಾಪುರದ ಸೀಮೆಯಲ್ಲಿ, ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರ ಪ್ರೋತ್ಸಾಹದಿಂದ ಮಕ್ಕಳ ಪಂಚಾಯತಿಗಳು ಹುಟ್ಟಿದುವು. ಮಳೆಗಾಲದಲ್ಲಿ ಶಾಲೆಗೆ ಹೋಗುವಾಗ ಹಳ್ಳ ದಾಟಲು ಒಂದು ಕಾಲುಸಂಕ ಬೇಕೆಂಬುದು ಅಲ್ಲಿನ ಮಕ್ಕಳ ಬೇಡಿಕೆಗಳಲ್ಲೊಂದು. ದೊಡ್ಡವರ ಸಭೆಯಲ್ಲಿ ಆ ಸಂಕದ ಮಾತು ಬಂದಿರಲಿಲ್ಲ. ದೊಡ್ಡವರಿಗೆ ಆ ಹಳ್ಳ ಮೊಣಕಾಲಿನವರೆಗೆ, ಮಗುವಿಗೆ ಕುತ್ತಿಗೆಯವರೆಗೆ. 2006ರಿಂದೀಚೆಗೆ ರಾಜ್ಯದ ಗ್ರಾಮ ಪಂಚಾಯತಿಗಳೆಲ್ಲ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ಕರೆಯಬೇಕೆಂದು ಏರ್ಪಾಡಾಗಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಪಂಚಾಯತಿಗಳಿಗೂ ಅದು ಅನ್ವಯಿಸುತ್ತದೆ. ಹಾರ, ಭಾಷಣ, ಚಹಗಳಲ್ಲಿ ಈ ಸಭೆ ಮುಗಿದುಹೋಗುವ ಅಪಾಯವೂ ಇಲ್ಲದಿಲ್ಲ. ಮಗು ಎದ್ದುನಿಂತು ಹೇಳಿದ ಮಾತು ಪಂಚಾಯತಿಯ ನಡವಳಿ ಪುಸ್ತಕದಲ್ಲಿ ಬರೆಯಲ್ಪಟ್ಟು, ಮುಂದಿನ ವರ್ಷ ಅದೇ ಮಗುವಿಗೆ ಉತ್ತರ ದೊರೆತರೆ ಮಾತ್ರ ಅದು ಸಭೆಯೆನಿಸಿಕೊಂಡೀತು.

ನಾವು ಹೇಳಿದುದರ ಸಾರ ಇಷ್ಟೆ. ಊರು ಒಂದೇ ಹೊಣೆ ಹೊತ್ತ ಕಾಲದಲ್ಲಿ ಊರು ಲೆಕ್ಕಕ್ಕೆ ಹಿಡಿಯದ ಮಕ್ಕಳು ಹೊರಗುಳಿದರು. ಸರ್ಕಾರ ಒಂದೇ ಹೊಣೆ ಹೊತ್ತ ಕಾಲದಲ್ಲಿ ಬಾಗಿಲು ಎಲ್ಲರಿಗೂ ತೆರೆಯಿತು. ಯಾವ ಮಗು ಬರಲಿಲ್ಲವೆಂಬುದು ಮಾತ್ರ ಯಾರಿಗೂ ತಿಳಿಯದೆ ಹೋಯಿತು. ಕಾಯಿದೆ ಮೇಲಿನಿಂದಲೂ ಕಣ್ಣು ಊರಿನಿಂದಲೂ ಬಂದು, ಎರಡರ ಕೈಗೂ ಹಣವಿದ್ದ ಕೆಲವೇ ವರ್ಷಗಳಲ್ಲಿ ಕೆಲಸ ಸಾಗಿತು. ಸೂಳೆಕೆರೆಗೆ ನೀರು ಬರುವುದು ದೂರದ ಬೆಟ್ಟಗಳಿಂದ. ತೂಬನ್ನು ಕಾಯಬೇಕಾದವನು ಮಾತ್ರ ಏರಿಯ ಮೇಲೆಯೇ ಇರಬೇಕು. ಪಂಚಾಯತಿಯ ಮುಂದಿನ ಸಭೆಯಲ್ಲಿ ರಸ್ತೆಯ ಅಂದಾಜು ಪಟ್ಟಿಗಳಿಗಿಂತ ಮುಂಚೆ, ಈ ತಿಂಗಳು ಶಾಲೆಗೆ ಬಾರದ ನಮ್ಮ ಊರಿನ ಮಕ್ಕಳು ಯಾರು ಯಾರು ಎಂದು ಯಾರಾದರೊಬ್ಬ ಸದಸ್ಯರು ಕೇಳಿದರೆ, ಅದಕ್ಕೆ ಹೆಸರು ಹಿಡಿದು ಉತ್ತರ ಹೇಳಬಲ್ಲವರು ಆ ಸಭೆಯಲ್ಲಿದ್ದರೆ, ನೂರೈವತ್ತು ವರ್ಷಗಳ ಈ ತೂಗಾಟ ಒಂದು ನೆಲೆಗೆ ಬಂದಿತೆಂದು ನಾವು ತಿಳಿಯಬಹುದು.